ಬೀಗ ಬಿದ್ದ ಫೈಲುಗಳ ಮೂವತ್ತು ವರ್ಷ

2019ರ ಜೂನ್. ಮದುವೆ ಸೀಸನ್ ಮುಗಿದಿತ್ತು. ನಮ್ಮ ತಾಲೂಕಿನ ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದವರು ಬೆಳಿಗ್ಗೆಯೇ ಫೋನ್ ಮಾಡಿದರು. "ನೀನು ಪೇಪರ್‌ನವನು, ಕಂಪ್ಯೂಟರ್ ಸ್ವಲ್ಪ ಗೊತ್ತಲ್ಲಪ್ಪಾ, ಬೇಗ ಬಾ" ಅಂದರು. ಹೋಗಿ ನೋಡಿದರೆ ಅವರ ಕಂಪ್ಯೂಟರಿನಲ್ಲಿ ಒಂದು ಫೋಟೋನೂ ತೆರೆಯುತ್ತಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ಏನೋ ಒಂದು ಹೊಸ ಪದ ಅಂಟಿಕೊಂಡಿದೆ. ಪ್ರತಿ ಫೋಲ್ಡರಿನಲ್ಲೂ ಇಂಗ್ಲಿಷಿನ ಒಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಿದ್ದರೆ 980 ಡಾಲರ್ ಕೊಡಿ, 72 ಗಂಟೆಯೊಳಗೆ ಕೊಟ್ಟರೆ ಅರ್ಧಕ್ಕೆ ಬಿಡುತ್ತೇವೆ.

ಅರ್ಧ ಅಂದರೂ ಆಗಿನ ಲೆಕ್ಕಕ್ಕೆ ಸುಮಾರು 34 ಸಾವಿರ ರೂಪಾಯಿ. ಹಿಂದಿನ ರಾತ್ರಿ ಆಲ್ಬಂ ಡಿಸೈನ್ ಮಾಡುವ ಸಾಫ್ಟ್‌ವೇರನ್ನು ಎಲ್ಲಿಂದಲೋ ಪುಕ್ಕಟೆ ಇಳಿಸಿಕೊಂಡಿದ್ದರು. ಅದನ್ನು ಹಾಕಿದ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅನ್ನುವ ಹಾಗೆ ಒಂದು ಪರದೆ ಬಂತಂತೆ. ಆಗಲಿ ಬಿಡು ಅಂತ ಮನೆಗೆ ಹೋಗಿದ್ದರು.

ನಾನು ಚೀಟಿ ಓದಿ ಹೇಳಿದೆ: "ದುಡ್ಡು ಕೊಡಬೇಡಿ. ಫಾರ್ಮ್ಯಾಟ್ ಹೊಡೆಸಿಬಿಡಿ." ಸರ್ವಿಸ್ ಹುಡುಗ ಬಂದು ಸಂಜೆಯೊಳಗೆ ಫಾರ್ಮ್ಯಾಟ್ ಮಾಡಿಕೊಟ್ಟ. ವೈರಸ್ ಹೋಯಿತು. ಮೂರು ವರ್ಷದ ಮದುವೆ, ಗೃಹಪ್ರವೇಶ, ನಾಮಕರಣಗಳೂ ಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಬೀಗ ಬಿಡಿಸುವ ಸಾಧನವನ್ನು ಒಂದು ಕಂಪನಿ ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಬಿಡಿಸಲು ಸ್ಟುಡಿಯೋದವರ ಹತ್ತಿರ ಬೀಗ ಬಿದ್ದ ಫೈಲುಗಳೇ ಉಳಿದಿರಲಿಲ್ಲ.

ದುಡ್ಡು ಕೊಡಬೇಡಿ ಅಂದದ್ದು ಸರಿ. ಫಾರ್ಮ್ಯಾಟ್ ಹೊಡೆಸಿ ಅಂದದ್ದು ತಪ್ಪು. ಎಲ್ಲಿ ತಪ್ಪಿದೆ ಅಂತ ತಿಳಿಯಲು ಈ ರ‍್ಯಾನ್ಸಮ್‌ವೇರ್ ಅನ್ನುವುದರ ಚರಿತ್ರೆಯನ್ನು ಹಿಂದಿನಿಂದ ಓದಿಕೊಂಡು ಬಂದೆ. ಒತ್ತೆ ಇಟ್ಟುಕೊಂಡು ದುಡ್ಡು ಕೀಳುವ ವೈರಸ್ಸಿಗೆ ಆ ಹೆಸರು. ಅದು ಶುರುವಾದದ್ದು ಇಂಟರ್‌ನೆಟ್ ಮನೆಮನೆಗೆ ಬರುವ ಮೊದಲು, ಅಂಚೆಯಲ್ಲಿ.

1989ರ ಡಿಸೆಂಬರಿನಲ್ಲಿ ಸುಮಾರು 20 ಸಾವಿರ ಫ್ಲಾಪಿಗಳು ಅಂಚೆ ಮೂಲಕ ಹಲವು ದೇಶಗಳಿಗೆ ಹೋದವು. ಪಡೆದವರಲ್ಲಿ ಬ್ರಿಟನ್ನಿನ ಒಂದು ಕಂಪ್ಯೂಟರ್ ಪತ್ರಿಕೆಯ ಚಂದಾದಾರರಿದ್ದರು, ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಸಮ್ಮೇಳನಕ್ಕೆ ಹೋಗಿದ್ದವರೂ ಇದ್ದರು. ಫ್ಲಾಪಿಯ ಮೇಲೆ ಏಡ್ಸ್ ಕುರಿತ ಮಾಹಿತಿ ಎಂದು ಬರೆದಿತ್ತು. ಹಾಕಿದರೆ ನಿಜವಾಗಿಯೂ ಏಡ್ಸ್ ಬಗ್ಗೆ ಪ್ರಶ್ನೆ ಕೇಳುತ್ತಿತ್ತು. ಹಿಂದೆ ಕೂತು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಕಂಪ್ಯೂಟರ್ ಎಷ್ಟು ಸಲ ಆನ್ ಆಯಿತು ಎಂದು ಎಣಿಸಿ, ಸುಮಾರು 90ನೇ ಸಲಕ್ಕೆ ಫೈಲುಗಳ ಹೆಸರನ್ನೆಲ್ಲ ಕಲಸಿ ಬಚ್ಚಿಡುತ್ತಿತ್ತು. ಆಮೇಲೆ ಪರದೆಯ ಮೇಲೆ ಬಿಲ್ಲು: ಪಿಸಿ ಸೈಬೋರ್ಗ್ ಕಾರ್ಪೊರೇಶನ್ ಹೆಸರಿಗೆ 189 ಡಾಲರನ್ನು ಪನಾಮಾ ದೇಶದ ಒಂದು ಪೋಸ್ಟ್ ಬಾಕ್ಸಿಗೆ ಕಳಿಸಿ.

ಇದನ್ನು ಮಾಡಿದ ಆರೋಪ ಬಂದದ್ದು ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿಯ ಮೇಲೆ. ಹಾರ್ವರ್ಡ್‌ನಲ್ಲಿ ಓದಿದವನು. ಅಮೆರಿಕದಲ್ಲಿ ಹಿಡಿದು ಬ್ರಿಟನ್ನಿಗೆ ಕರೆತಂದರು. ಅವನ ಮಾನಸಿಕ ಸ್ಥಿತಿ ವಿಚಾರಣೆಗೆ ತಕ್ಕುದಲ್ಲ ಎಂದು 1991ರಲ್ಲಿ ಕೋರ್ಟು ಕೇಸು ಕೈಬಿಟ್ಟಿತು.

ನನಗೆ ಅವನಿಗಿಂತ ಮುಖ್ಯ ಅನಿಸಿದ್ದು ಜಿಮ್ ಬೇಟ್ಸ್ ಎಂಬ ಬ್ರಿಟಿಷ್ ತಜ್ಞ. ಆತ ಆ ಫ್ಲಾಪಿಯನ್ನು ಬಿಚ್ಚಿ ನೋಡಿ ಎರಡು ಪ್ರೋಗ್ರಾಂ ಬರೆದ. ಒಂದು ಏಡ್ಸ್‌ಔಟ್, ಅದು ವೈರಸ್ ತೆಗೆಯಲು. ಇನ್ನೊಂದು ಕ್ಲಿಯರ್‌ಏಡ್, ಅದು ಕಲಸಿದ ಫೈಲುಗಳನ್ನು ಸರಿ ಮಾಡಲು. ಒಂದಲ್ಲ, ಎರಡು ಪ್ರೋಗ್ರಾಂ. ವೈರಸ್ ತೆಗೆಯುವುದು ಒಂದು ಕೆಲಸ, ಬೀಗ ಬಿಡಿಸುವುದು ಬೇರೆಯೇ ಕೆಲಸ ಎಂಬುದು ಮೊದಲ ವರ್ಷವೇ ಗೊತ್ತಾಗಿತ್ತು. ಮೂವತ್ತು ವರ್ಷವಾದ ಮೇಲೂ ನಾನು ಸ್ಟುಡಿಯೋದಲ್ಲಿ ನಿಂತು ಎರಡನ್ನೂ ಒಂದೇ ಅಂದುಕೊಂಡೆ.

ಆಗಲೂ ಗಾಬರಿ ಬಿದ್ದವರಿದ್ದರು. ಇಟಲಿಯ ಒಂದು ಏಡ್ಸ್ ಸಂಶೋಧನಾ ಸಂಸ್ಥೆಯವರು ಎಲ್ಲ ಅಳಿಸಿಹಾಕಿ ಹತ್ತು ವರ್ಷದ ಕೆಲಸ ಕಳಕೊಂಡರು ಎಂದು ಆ ಕಾಲದ ವರದಿಗಳಿವೆ. ವೈರಸ್ ಕಲಸಿದ್ದು ಹೆಸರುಗಳನ್ನು ಮಾತ್ರ, ಒಳಗಿದ್ದ ಬರಹ ಹಾಗೇ ಇತ್ತು.

ಬೇಟ್ಸ್‌ಗೆ ಕೆಲಸ ಸುಲಭವಾಗಲು ಕಾರಣವಿದೆ. ಆ ವೈರಸ್ಸಿನಲ್ಲಿ ಬೀಗ ಹಾಕಲೂ ತೆಗೆಯಲೂ ಒಂದೇ ಕೀಲಿ. ಆ ಕೀಲಿಯನ್ನು ವೈರಸ್ ತನ್ನ ಜೊತೆಯಲ್ಲೇ ತಂದಿತ್ತು. ಹುಡುಕಿದವರಿಗೆ ಸಿಗುತ್ತಿತ್ತು.

1996ರಲ್ಲಿ ಆಡಂ ಯಂಗ್ ಮತ್ತು ಮೋಟಿ ಯುಂಗ್ ಎಂಬಿಬ್ಬರು ಒಂದು ಸಂಶೋಧನಾ ಪ್ರಬಂಧ ಬರೆದರು. ಕಳ್ಳರು ಬುದ್ಧಿವಂತರಾದರೆ ಹೀಗೆ ಮಾಡಬಹುದು, ಎಚ್ಚರ ಅಂತ. ಅವರು ಹೇಳಿದ್ದನ್ನು ನಮ್ಮ ಊರಿನ ಲೆಕ್ಕದಲ್ಲಿ ಹೇಳಿದರೆ, ದೇವಸ್ಥಾನದ ಹುಂಡಿ. ಕಾಸು ಹಾಕಲು ಯಾರಿಗೂ ಕೀಲಿ ಬೇಡ. ತೆಗೆಯಬೇಕಾದರೆ ಮಾತ್ರ ಕೀಲಿ ಬೇಕು, ಅದು ಇರುವುದು ಧರ್ಮದರ್ಶಿಗಳ ಹತ್ತಿರ. ಹಾಗೆಯೇ ವೈರಸ್ಸು ಬೀಗ ಹಾಕುವ ಕೀಲಿಯನ್ನಷ್ಟೇ ಹೊತ್ತು ಬರುತ್ತದೆ, ತೆಗೆಯುವ ಕೀಲಿ ಕಳ್ಳನ ಮನೆಯಲ್ಲೇ ಉಳಿಯುತ್ತದೆ. ವೈರಸ್ಸನ್ನು ಹಿಡಿದು ಎಷ್ಟು ಬಿಚ್ಚಿದರೂ ಆ ಕೀಲಿ ಸಿಗುವುದಿಲ್ಲ.

ಕಳ್ಳರು ಇದನ್ನು ಸರಿಯಾಗಿ ಕಲಿಯಲು ಹತ್ತು ವರ್ಷ ತೆಗೆದುಕೊಂಡರು. ಜಿಪಿಕೋಡ್ ಎಂಬ ವೈರಸ್ 2006ರಲ್ಲಿ 660 ಬಿಟ್‌ನ ಕೀಲಿ ಬಳಸಿತು, ರಷ್ಯಾದ ಕ್ಯಾಸ್ಪರ್‌ಸ್ಕೈ ಕಂಪನಿಯವರು ಅದನ್ನು ಮುರಿದರು. 2008ರಲ್ಲಿ ಅದೇ ವೈರಸ್ 1024 ಬಿಟ್ ಕೀಲಿ ಹಿಡಿದು ಬಂತು. ಅದನ್ನು ಮುರಿಯಲಾಗಲಿಲ್ಲ. ಆದರೆ ಕ್ಯಾಸ್ಪರ್‌ಸ್ಕೈಯವರಿಗೆ ಒಂದು ದಾರಿ ಕಂಡಿತು. ವೈರಸ್ಸು ಮೊದಲು ಫೈಲಿನ ಒಂದು ನಕಲು ಮಾಡಿ ಆ ನಕಲಿಗೆ ಬೀಗ ಹಾಕಿ, ಆಮೇಲೆ ಮೂಲ ಫೈಲನ್ನು ಡಿಲೀಟ್ ಮಾಡುತ್ತಿತ್ತು. ಡಿಲೀಟ್ ಆದ ಫೈಲು ಡಿಸ್ಕಿನಿಂದ ಕೂಡಲೇ ಮಾಯವಾಗುವುದಿಲ್ಲ, ಅದರ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೂ ಇರುತ್ತದೆ. ಫೋಟೋರೆಕ್ ಎಂಬ ಪುಕ್ಕಟೆ ಪ್ರೋಗ್ರಾಂ ಬಳಸಿ ಹಾಗೆ ಅಳಿದವುಗಳನ್ನು ಎಬ್ಬಿಸಬಹುದು ಎಂದು ಅವರು ತೋರಿಸಿಕೊಟ್ಟರು. ಕ್ಯಾಮೆರಾ ಕಾರ್ಡಿನಿಂದ ಅಳಿದ ಫೋಟೋ ತೆಗೆಯಲು ನಮ್ಮ ಸ್ಟುಡಿಯೋಗಳಲ್ಲೂ ಬಳಸುವ ಪ್ರೋಗ್ರಾಂ ಅದು. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ತುಂಬಿದರೆ ಮಾತ್ರ ಆ ಹಳೆ ಜಾಗದ ಮೇಲೆಲ್ಲ ಹೊಸದು ಬರೆದ ಹಾಗಾಗುತ್ತದೆ. ಸರ್ವಿಸ್ ಹುಡುಗನಿಂದ ನಾನು ಮಾಡಿಸಿದ್ದು ಅದನ್ನೇ.

2013ರ ಸೆಪ್ಟೆಂಬರಿನಲ್ಲಿ ಕ್ರಿಪ್ಟೋಲಾಕರ್ ಬಂತು. ಅಲ್ಲಿಂದ ಇದು ದೊಡ್ಡ ದಂಧೆ. 2048 ಬಿಟ್ ಕೀಲಿ, 72 ಗಂಟೆ ಗಡುವು, ದುಡ್ಡನ್ನು ಬಿಟ್‌ಕಾಯಿನ್‌ನಲ್ಲಿ ಕೇಳುವುದು, ಎಲ್ಲವೂ ಇತ್ತು. ಪನಾಮಾದ ಪೋಸ್ಟ್ ಬಾಕ್ಸಿನ ಜಾಗದಲ್ಲಿ ಗುರುತು ಹಿಡಿಯಲು ಕಷ್ಟವಾದ ದುಡ್ಡು. ಆ ವೈರಸ್ಸು ಕಂಪ್ಯೂಟರಿನ ವಾಲ್‌ಪೇಪರಿನ ಮೇಲೆ ಒಂದು ಮಾತು ಬರೆಯುತ್ತಿತ್ತು: ನಿಮ್ಮ ಆಂಟಿವೈರಸ್ ನಮ್ಮನ್ನು ಅಳಿಸಿದ್ದರೆ, ಫೈಲು ಬೇಕಿದ್ದರೆ ನಮ್ಮನ್ನು ಮತ್ತೆ ತಂದು ಹಾಕಿಕೊಳ್ಳಿ ಎಂಬ ಅರ್ಥದ್ದು. ತನ್ನನ್ನು ತೆಗೆದುಹಾಕಿದರೆ ಕಳ್ಳನಿಗೆ ಏನೂ ಭಯವಿರಲಿಲ್ಲ. ಕೀಲಿ ಇದ್ದದ್ದು ಅವನ ಹತ್ತಿರ.

2014ರ ಜೂನ್ ಹೊತ್ತಿಗೆ ಅಮೆರಿಕ ಮತ್ತು ಯುರೋಪಿನ ಪೊಲೀಸರು, ಕಂಪನಿಗಳು ಸೇರಿ ಆಪರೇಷನ್ ಟೋವರ್ ಎಂಬ ಕಾರ್ಯಾಚರಣೆಯಲ್ಲಿ ಈ ಜಾಲವನ್ನು ಕಡಿದುಹಾಕಿದರು. ಕಳ್ಳರ ಕೀಲಿಗಳ ಪಟ್ಟಿ ತಜ್ಞರ ಕೈಗೆ ಸಿಕ್ಕಿತು. ಆಗಸ್ಟಿನಲ್ಲಿ ಫಾಕ್ಸ್-ಐಟಿ ಮತ್ತು ಫೈರ್‌ಐ ಕಂಪನಿಗಳು ಒಂದು ವೆಬ್‌ಸೈಟ್ ತೆರೆದು, ಬೀಗ ಬಿದ್ದ ಒಂದು ಫೈಲು ಕಳಿಸಿ, ನಿಮ್ಮ ಕೀಲಿ ಪುಕ್ಕಟೆ ಕೊಡುತ್ತೇವೆ ಅಂದವು. ಅಂದರೆ ಮೊದಲು ಸಿಕ್ಕಿಬಿದ್ದವರಿಗೆ ಹನ್ನೊಂದು ತಿಂಗಳ ನಂತರ ಕೀಲಿ ಬಂತು. ಫೈಲು ಇಟ್ಟುಕೊಂಡವರಿಗೆ ಬಂತು.

ಇದಾದ ಮೇಲೆ ಹಾಗೆ ಕೀಲಿ ಹೊರಬಂದ ಪ್ರಸಂಗ ಮತ್ತೆ ಮತ್ತೆ ಆಗಿದೆ, ಒಂದೊಂದೂ ಒಂದೊಂದು ರೀತಿ. 2016ರ ಮೇನಲ್ಲಿ ಟೆಸ್ಲಾಕ್ರಿಪ್ಟ್ ಎಂಬ ವೈರಸ್ಸಿನವರು ಅಂಗಡಿ ಮುಚ್ಚುತ್ತಿದ್ದರು. ಈಸೆಟ್ ಎಂಬ ಆಂಟಿವೈರಸ್ ಕಂಪನಿಯ ತಜ್ಞರೊಬ್ಬರು ಸುಮ್ಮನೆ ಕೇಳಿ ನೋಡಿದರು, ಮಾಸ್ಟರ್ ಕೀ ಕೊಡುತ್ತೀರಾ ಅಂತ. ಕೊಟ್ಟರು! ಕ್ಷಮಿಸಿ ಅಂತಲೂ ಬರೆದರು. ಅದೇ ವರ್ಷ ಜುಲೈ 25ರಂದು ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪೋಲ್, ಕ್ಯಾಸ್ಪರ್‌ಸ್ಕೈ ಮತ್ತು ಇಂಟೆಲ್ ಸೆಕ್ಯುರಿಟಿ ಸೇರಿ ನೋ ಮೋರ್ ರ‍್ಯಾನ್ಸಮ್ ಎಂಬ ತಾಣ ತೆರೆದರು. ಎಲ್ಲೆಲ್ಲಿ ಯಾವ ಯಾವ ಬೀಗದ ಕೀಲಿ ಸಿಕ್ಕಿದೆಯೋ ಎಲ್ಲ ಅಲ್ಲಿ ಪುಕ್ಕಟೆ.

2017ರ ಮೇ 12ರ ವಾನಾಕ್ರೈ ನಿಮಗೆ ನೆನಪಿರಬಹುದು, ಟಿವಿಯಲ್ಲೆಲ್ಲ ಬಂದಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ನಿಂತುಹೋದವು. 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು ಎಂದು ಯುರೋಪೋಲ್ ಹೇಳಿತು. ನಮಗೆ ಅದು ದೂರದ್ದೇನಲ್ಲ. ಎಚ್.ಡಿ. ಕೋಟೆ ದಾಟಿ ಕಾಡು ಮುಗಿದರೆ ವಯನಾಡು. ಆ ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯತಿಯ ಕಂಪ್ಯೂಟರುಗಳ ಪರದೆಯ ಮೇಲೂ 300 ಡಾಲರ್ ಕೇಳುವ ಅದೇ ಚೀಟಿ ಬಂತು. ಈ ವೈರಸ್ಸು ಯಾರೂ ಕ್ಲಿಕ್ ಮಾಡದೆಯೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿಯುತ್ತಿತ್ತು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಅಪ್‌ಡೇಟ್ ಕೊಟ್ಟು ಮುಚ್ಚಿತ್ತು. ಅಪ್‌ಡೇಟ್ ಹಾಕಿಕೊಳ್ಳದವರ ಮನೆಗೆ ನುಗ್ಗಿತು.

ಅದಕ್ಕೆ ದುಡ್ಡು ಕೊಟ್ಟವರ ಪಾಡು ಇನ್ನೂ ಕಷ್ಟ. ಎಲ್ಲರ ದುಡ್ಡೂ ಬೆರಳೆಣಿಕೆಯ ಬಿಟ್‌ಕಾಯಿನ್ ಖಾತೆಗಳಿಗೇ ಹೋಗುತ್ತಿದ್ದುದರಿಂದ ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದು ಕಳ್ಳನಿಗೇ ಸರಿಯಾಗಿ ತಿಳಿಯುವಂತಿರಲಿಲ್ಲ. ಫ್ರಾನ್ಸಿನ ಕೆಲವು ತಜ್ಞರು ಬೇರೆ ದಾರಿ ಹುಡುಕಿದರು. ಕೀಲಿ ತಯಾರಿಸಲು ಬಳಸಿದ ಸಂಖ್ಯೆಗಳು ಹಳೆಯ ವಿಂಡೋಸ್ ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದಿರುತ್ತಿದ್ದವು. ಕಂಪ್ಯೂಟರನ್ನು ಆಫ್ ಮಾಡದೆ ಇದ್ದರೆ, ಅದೃಷ್ಟವಿದ್ದರೆ, ವಾನಾಕಿವಿ ಎಂಬ ಸಾಧನದಿಂದ ಅವನ್ನು ಹೆಕ್ಕಿ ಬೀಗ ತೆಗೆಯಬಹುದಿತ್ತು. ಹೆಚ್ಚಿನವರು ಅಷ್ಟರಲ್ಲಿ ಸ್ವಿಚ್ ಒತ್ತಿಬಿಟ್ಟಿದ್ದರು.

2018ರ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಆ ವರ್ಷ ಗ್ಯಾಂಡ್‌ಕ್ರ್ಯಾಬ್ ಎಂಬ ವೈರಸ್ ಎಲ್ಲೆಡೆ ಇತ್ತು. ಸಿರಿಯಾ ದೇಶದ ಒಬ್ಬ ತಂದೆ ಅಕ್ಟೋಬರಿನಲ್ಲಿ ಟ್ವಿಟರಿನಲ್ಲಿ ಬರೆದ. ಯುದ್ಧದಲ್ಲಿ ಮಕ್ಕಳು ತೀರಿಕೊಂಡಿದ್ದಾರೆ, ಅವರ ಫೋಟೋಗಳಿಗೆ ಬೀಗ ಬಿದ್ದಿದೆ, ಕೊಡಲು ದುಡ್ಡಿಲ್ಲ ಅಂತ. ಅದು ಕಳ್ಳರ ಕಣ್ಣಿಗೂ ಬಿತ್ತು. ಸಿರಿಯಾದವರನ್ನು ಬಿಡಬೇಕಿತ್ತು, ತಪ್ಪಾಯಿತು ಎಂದು ಹೇಳಿ ಆ ದೇಶದ ಎಲ್ಲರ ಕೀಲಿಗಳನ್ನು ಬಿಡುಗಡೆ ಮಾಡಿದರು. ಮಿಕ್ಕ ದೇಶದವರಿಂದ ಕೀಳುವುದನ್ನು ನಿಲ್ಲಿಸಲಿಲ್ಲ, ಆದ್ದರಿಂದ ಅವರನ್ನು ದೊಡ್ಡವರು ಅನ್ನಲು ನನಗೆ ಬಾಯಿ ಬಾರದು. ಕೆಲವೇ ದಿನಗಳಲ್ಲಿ ಬಿಟ್‌ಡಿಫೆಂಡರ್ ಕಂಪನಿಯು ರೊಮೇನಿಯಾ ಪೊಲೀಸ್ ಮತ್ತು ಯುರೋಪೋಲ್ ಜೊತೆ ಸೇರಿ ಎಲ್ಲ ದೇಶದವರಿಗೂ ಪುಕ್ಕಟೆ ಸಾಧನ ತಂದಿತು. 2019ರ ಜೂನಿನಲ್ಲಿ ಕೊನೆಯ ಆವೃತ್ತಿಗೂ ಕೀಲಿ ಸಿಕ್ಕಿತು. ಅದೇ ಜೂನಿನಲ್ಲಿ ನಾನು ಫಾರ್ಮ್ಯಾಟ್ ಹೊಡೆಸಿ ಅಂತಿದ್ದೆ.

ಸ್ಟುಡಿಯೋಗೆ ಬಂದದ್ದು ಸ್ಟಾಪ್ ಅಥವಾ ಡಿಜೆವಿಯು ಎಂಬ ಹೆಸರಿನ ವೈರಸ್. ಆಸ್ಪತ್ರೆ, ಬ್ಯಾಂಕುಗಳ ಸುದ್ದಿಯಲ್ಲಿ ಇದರ ಹೆಸರು ಕೇಳುವುದಿಲ್ಲ. ಇದು ಹಿಡಿಯುವುದು ಮನೆ ಕಂಪ್ಯೂಟರನ್ನು, ಡಿಟಿಪಿ ಅಂಗಡಿಯನ್ನು, ಕಾಲೇಜು ಹುಡುಗರ ಲ್ಯಾಪ್‌ಟಾಪನ್ನು. ಬರುವ ದಾರಿ ಹೆಚ್ಚಾಗಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್. ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡವನು ಪೊಲೀಸಿಗೆ ಹೋಗಲು ಹಿಂಜರಿಯುತ್ತಾನೆ, ಅದೂ ಕಳ್ಳರಿಗೆ ಅನುಕೂಲ.

ಇದರ ಬೆನ್ನು ಹತ್ತಿದವರಲ್ಲಿ ಮುಖ್ಯನಾದವನು ಮೈಕಲ್ ಗಿಲೆಸ್ಪಿ. ಅಮೆರಿಕದ ಇಲಿನಾಯ್ ರಾಜ್ಯದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ನಮ್ಮ ಸರ್ವಿಸ್ ಹುಡುಗನ ಹಾಗೇ. ಯಾವ ವೈರಸ್ ಹಿಡಿದಿದೆ ಎಂದು ಗುರುತಿಸಿಕೊಡುವ ಐಡಿ ರ‍್ಯಾನ್ಸಮ್‌ವೇರ್ ಎಂಬ ತಾಣವನ್ನು 2016ರಲ್ಲಿ ಕಟ್ಟಿದವನು ಅವನೇ. ಕಳ್ಳರ ಚೀಟಿ ಮತ್ತು ಬೀಗ ಬಿದ್ದ ಒಂದು ಫೈಲನ್ನು ಅಲ್ಲಿ ಹಾಕಿದರೆ ವೈರಸ್ಸಿನ ಹೆಸರು, ಕೀಲಿ ಇದೆಯೋ ಇಲ್ಲವೋ ತಿಳಿಯುತ್ತದೆ. ಅವನೂ ಎಮ್‌ಸಿಸಾಫ್ಟ್ ಕಂಪನಿಯೂ ಸೇರಿ 2019ರ ಅಕ್ಟೋಬರಿನಲ್ಲಿ ಸ್ಟಾಪ್ ವೈರಸ್ಸಿನ 148 ಬಗೆಗಳಿಗೆ ಬಿಡಿಸುವ ಸಾಧನ ಹೊರತಂದರು.

ಅದು ಕೆಲಸ ಮಾಡುವ ರೀತಿ ನಮ್ಮಂಥವರಿಗೂ ಅರ್ಥವಾಗುವಂಥದ್ದು. ಆಗಸ್ಟ್ 2019ಕ್ಕೆ ಮುಂಚಿನ ಬಗೆಗಳಲ್ಲಿ, ಬೀಗ ಬಿದ್ದ ಒಂದು ಫೈಲು ಮತ್ತು ಅದೇ ಫೈಲಿನ ಬೀಗವಿಲ್ಲದ ಮೂಲ ಪ್ರತಿ, ಎರಡನ್ನೂ ಜೋಡಿಯಾಗಿ ಕೊಟ್ಟರೆ ಹೋಲಿಸಿ ನೋಡಿ ಬೀಗದ ಗುಟ್ಟು ಕಂಡುಹಿಡಿಯುತ್ತದೆ. ಆಮೇಲೆ ಅದೇ ಬಗೆಯ ಮಿಕ್ಕ ಫೈಲುಗಳನ್ನೂ ತೆರೆಯುತ್ತದೆ. ಮೂಲ ಪ್ರತಿ ಎಲ್ಲಿ ಸಿಗುತ್ತದೆ? ಇಮೇಲಿನಲ್ಲಿ ಹಿಂದೆ ಕಳಿಸಿದ್ದು, ಪೆನ್‌ಡ್ರೈವಿನಲ್ಲಿ ಯಾರಿಗೋ ಕೊಟ್ಟದ್ದು, ಕ್ಯಾಮೆರಾ ಕಾರ್ಡಿನಲ್ಲಿ ಉಳಿದದ್ದು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದ್ದು ನಡೆಯುವುದಿಲ್ಲ, ಅದು ಫೋಟೋವನ್ನು ಕುಗ್ಗಿಸಿಬಿಡುತ್ತದೆ. ಸ್ಟುಡಿಯೋದವರು ಪ್ರತಿ ಗಿರಾಕಿಗೂ ಫೋಟೋ ತುಂಬಿದ ಪೆನ್‌ಡ್ರೈವ್ ಕೊಟ್ಟಿದ್ದರು. ಜೋಡಿಗೆ ಬೇಕಾದ ಮೂಲ ಪ್ರತಿಗಳು ತಾಲೂಕಿನ ಮನೆಮನೆಯ ಬೀರುವಿನಲ್ಲಿದ್ದವು.

ಆಗಸ್ಟ್ 2019ರ ನಂತರ ಕಳ್ಳರು ಹುಂಡಿಯ ಪದ್ಧತಿಗೆ ಸರಿಯಾಗಿ ಬದಲಾದರು. ಅಲ್ಲಿಂದೀಚೆಗೆ ಹಿಡಿದವುಗಳಲ್ಲಿ ಎಲ್ಲವೂ ಬಿಡುವುದಿಲ್ಲ. ವೈರಸ್ಸಿಗೆ ಆ ಹೊತ್ತಿನಲ್ಲಿ ಕಳ್ಳನ ಸರ್ವರ್ ಸಂಪರ್ಕ ಸಿಗದಿದ್ದರೆ ಅದು ತನ್ನೊಳಗೇ ಇದ್ದ ಒಂದು ಸಾಮಾನ್ಯ ಕೀಲಿ ಬಳಸುತ್ತದೆ. ಚೀಟಿಯಲ್ಲಿ ಕೊಟ್ಟ ಐಡಿಯ ಕೊನೆಯಲ್ಲಿ ಟಿ ಅಕ್ಷರ, 1 ಅಂಕಿ ಇದ್ದರೆ ಅಂಥದ್ದು. ಅದೇ ಬಗೆಗೆ ಸಿಕ್ಕಿದ ಬೇರೆ ಯಾರದೋ ಕೀಲಿ ಹೊರಬಂದರೆ ನಿಮಗೂ ಹೊಂದುತ್ತದೆ. ಇಲ್ಲದಿದ್ದರೆ ಕಾಯಬೇಕು. ಇನ್ನೊಂದು ಸಣ್ಣ ಸಮಾಧಾನ: ಈ ವೈರಸ್ಸಿಗೆ ಅವಸರ ಜಾಸ್ತಿ, ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಗಷ್ಟೇ ಬೀಗ ಹಾಕುತ್ತದೆ. ದೊಡ್ಡ ವಿಡಿಯೋ ಫೈಲುಗಳ ಉಳಿದ ಭಾಗವನ್ನು ವಿಡಿಯೋ ರಿಪೇರಿ ಸಾಧನಗಳಿಂದ ಕೆಲವೊಮ್ಮೆ ಎತ್ತಬಹುದು.

ಕಾಯಲಾರದವರಿಗೂ ಕಳ್ಳರಿದ್ದಾರೆ. 2020ರ ಜೂನಿನಲ್ಲಿ ಸ್ಟಾಪ್ ವೈರಸ್ ಬಿಡಿಸುವ ಸಾಧನ ಎಂಬ ಹೆಸರಿನಲ್ಲೇ ಇನ್ನೊಂದು ವೈರಸ್ ಹರಿದಾಡಿತು. ಹಾಕಿಕೊಂಡವರ ಫೈಲುಗಳಿಗೆ ಬೀಗದ ಮೇಲೆ ಬೀಗ ಬಿತ್ತು. ಯೂಟ್ಯೂಬ್ ವಿಡಿಯೋ ಕೆಳಗಿನ ಲಿಂಕಿನಿಂದ ಏನನ್ನೂ ಇಳಿಸಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಈಗ ಯಾರಾದರೂ ಅಂಥ ಫೋನ್ ಮಾಡಿದರೆ ನಾನು ಹೇಳುವ ಕ್ರಮ ಬೇರೆ. ಮೊದಲು ಇಂಟರ್‌ನೆಟ್ ವೈರು ಕಿತ್ತುಹಾಕಿ, ವೈಫೈ ಆಫ್ ಮಾಡಿ, ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಎಳೆದುಬಿಡಿ. ಚೀಟಿಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಏನನ್ನೂ ಅಳಿಸಬೇಡಿ. ಸಾಧ್ಯವಾದರೆ ಆ ಹಾರ್ಡ್‌ಡಿಸ್ಕನ್ನೇ ಬಿಚ್ಚಿ ತೆಗೆದಿಟ್ಟು ಹೊಸದು ಹಾಕಿಸಿ, ಈಗ ಅದರ ಖರ್ಚು ಮೂರು ವರ್ಷದ ಕೆಲಸಕ್ಕೆ ಹೋಲಿಸಿದರೆ ಏನೂ ಅಲ್ಲ. ಆಗದಿದ್ದರೆ ಬೀಗ ಬಿದ್ದ ಫೈಲುಗಳನ್ನೂ ಚೀಟಿಯನ್ನೂ ಹೊಸ ಡಿಸ್ಕಿಗೆ ನಕಲು ಮಾಡಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಡಿ. ಆಮೇಲೆ ವೈರಸ್ ತೆಗೆಸಿ, ಬೇಕಿದ್ದರೆ ಫಾರ್ಮ್ಯಾಟ್ ಮಾಡಿಸಿ. ವೈರಸ್ ಪೂರ್ತಿ ಹೋಗದೆ ಬೀಗ ಬಿಡಿಸಲು ಕೂತರೆ ಬಿಡಿಸಿದ್ದಕ್ಕೆಲ್ಲ ಮತ್ತೆ ಬೀಗ ಬೀಳುತ್ತದೆ. ಸ್ಟಾಪ್ ವೈರಸ್ಸಿನ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಬಂದಿರುತ್ತಿತ್ತು, ಆದ್ದರಿಂದ ಬ್ಯಾಂಕು, ಇಮೇಲಿನ ಪಾಸ್‌ವರ್ಡುಗಳನ್ನು ಫೋನಿನಿಂದ ಕೂಡಲೇ ಬದಲಿಸಿ. ಜಿಲ್ಲಾ ಕೇಂದ್ರದ ಸೆನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಕ್ರ್ಯಾಕ್ ಸಾಫ್ಟ್‌ವೇರ್ ಹಾಕಿದ್ದೆ ಅನ್ನುವ ನಾಚಿಕೆಯನ್ನು ಸ್ವಲ್ಪ ಬದಿಗಿಡಿ.

ಆ ವರ್ಷದ ನವೆಂಬರಿನಲ್ಲಿ ಸಾಧನದ ಸುದ್ದಿ ಓದಿ ಸ್ಟುಡಿಯೋಗೆ ಹೋದೆ. ಹೇಳಲು ನಾಲಿಗೆ ಏಳಲಿಲ್ಲ, ಆದರೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾ ಎಳೆದು ಒಂದು ಪೆನ್‌ಡ್ರೈವ್ ತೆಗೆದರು. "ಅವತ್ತು ಫಾರ್ಮ್ಯಾಟ್‌ಗೆ ಮುಂಚೆ ಮೈಸೂರಲ್ಲಿ ಯಾರಿಗೋ ತೋರಿಸೋಣ ಅಂತ ಒಂದು ಫೋಲ್ಡರ್ ಹಾಕ್ಕೊಂಡಿದ್ದೆ ಕಣಪ್ಪಾ, ಹೋಗಕ್ಕೇ ಆಗಲಿಲ್ಲ" ಅಂದರು. ಪಕ್ಕದ ಊರಿನ ಒಂದು ನಾಮಕರಣದ ಫೋಟೋಗಳು. ಆ ಮನೆಗೆ ಹೋಗಿ ಅವರ ಪೆನ್‌ಡ್ರೈವ್ ಕೇಳಿ ತಂದೆವು. ಅದರಲ್ಲಿದ್ದದ್ದು ಆಲ್ಬಂಗೆ ಆರಿಸಿ ಕೊಟ್ಟ ಕೆಲವೇ ಫೋಟೋ. ಜೋಡಿಗೆ ಅಷ್ಟು ಸಾಕಿತ್ತು. ಸಾಧನ ಒಂದೊಂದೇ ಫೈಲು ತೆರೆಯುತ್ತಾ ಹೋಯಿತು, ಆಲ್ಬಂಗೆ ಆರಿಸದೆ ಬಿಟ್ಟವೂ ಬಂದವು. ಅವುಗಳಲ್ಲೊಂದರಲ್ಲಿ ಮಗುವಿನ ಮುತ್ತಜ್ಜಿ ತೊಟ್ಟಿಲ ಹಗ್ಗ ಹಿಡಿದು ನಗುತ್ತಿದ್ದರು. ಕಣ್ಣು ಮುಚ್ಚಿದೆ ಅಂತ ಬಿಟ್ಟಿದ್ದ ಫೋಟೋ ಅದು. ಅಜ್ಜಿ ದಸರಾ ಹೊತ್ತಿಗೆ ತೀರಿಕೊಂಡಿದ್ದರಂತೆ. ಸ್ಟುಡಿಯೋದವರು ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಫ್ರೇಮ್ ಕಟ್ಟಿಸಿ, ಪೆನ್‌ಡ್ರೈವ್ ಜೊತೆಗೆ ಆ ಮನೆಗೆ ಕೊಟ್ಟು ಬಂದರು.